ಕಾರಿಗೂ ಬೇಕು ಕಡಾಣಿ

ಎತ್ತಿನ ಬಂಡಿಯ ಗಾಲಿ ಅಚ್ಚಿನಿಂದ ಕಳಚಿ ಬೀಳದಂತೆ ತಡೆಯುವುದು ಒಂದು ಚಿಕ್ಕ ಕಡಾಣಿ. ಗಾಲಿಯ ಗುಂಬ ಸಲೀಸಾಗಿ ತಿರುಗಲು ಕೀಲೆಣ್ಣೆ. ಕಾರಿನ ಹಿಂದಿನ ಚಕ್ರದಲ್ಲೂ ಹೆಚ್ಚುಕಡಿಮೆ ಇದೇ ಏರ್ಪಾಡು. ಗುಂಬಕ್ಕೆ ಅಲ್ಲಿ ಹಬ್ ಎಂದು ಹೆಸರು. ಒಳಗೆ ಗ್ರೀಸಿನ ಜೊತೆಗೆ ಉಕ್ಕಿನ ಗುಂಡುಗಳ ಬೇರಿಂಗ್. ಜಾರುವ ಘರ್ಷಣೆಗಿಂತ ಉರುಳುವ ಘರ್ಷಣೆ ಬಹಳ ಕಡಿಮೆ ಎಂಬ ಪಾಠ ಇಲ್ಲಿ ಕೆಲಸಕ್ಕೆ ಬಂದಿದೆ.

1983ರಲ್ಲಿ ಬಂದ ಮಾರುತಿ 800ರಂಥ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಹಿಂದಿನವು ಭಾರ ಹೊತ್ತು ಉರುಳುತ್ತವೆ, ಅಷ್ಟೆ. ಹೀಗಾಗಿ ಅಲ್ಲಿನ ಹಬ್ಬನ್ನು ಕೆಲಸ ಬಲ್ಲವರು ಮನೆಯಂಗಳದಲ್ಲೇ ಬದಲಿಸುವುದುಂಟು.

ಬೇರಿಂಗ್ ಸವೆದರೆ ವೇಗದೊಂದಿಗೆ ಏರುವ ಗುಂಯ್‌ಗುಡುವ ಸದ್ದು ಕೇಳುತ್ತದೆ. ಕಾರು ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರಗಳತ್ತ ವಾಲುತ್ತದೆ. ಆಗ ಸದ್ದು ಹೆಚ್ಚಿದರೆ ಸಾಮಾನ್ಯವಾಗಿ ಕೆಟ್ಟಿರುವುದು ಎಡಗಡೆಯದು.

ಹಿಂದಿನ ಚಕ್ರ ಎತ್ತುವ ಮುನ್ನ ಒಂದು ಪ್ರಶ್ನೆ: ಕಾರು ಉರುಳದಂತೆ ಹಿಡಿಯುವುದು ಯಾವುದು? ಹ್ಯಾಂಡ್ ಬ್ರೇಕ್ ಎಂದರೆ ತಪ್ಪು. ಇಂಥ ಕಾರಿನಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಬ್ರೇಕ್ ಡ್ರಮ್ ಹೊರಬರಲು ಅದನ್ನು ಸಡಿಲಿಸಲೂ ಬೇಕು. ಆದ್ದರಿಂದ ಸಮತಟ್ಟಾದ ಗಟ್ಟಿ ನೆಲ, ಮೊದಲನೆಯ ಗೇರ್, ಮುಂದಿನ ಚಕ್ರಗಳ ಹಿಂದೆ ಮುಂದೆ ಮರದ ತುಂಡು, ಈ ಮೂರೂ ಕಡ್ಡಾಯ. ಜಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲಲ್ಲ. ಹೊರಲು ಕಬ್ಬಿಣದ ಸ್ಟ್ಯಾಂಡೇ ಬೇಕು. ಇಟ್ಟಿಗೆ ಸಲ್ಲದು, ಅದು ಸೂಚನೆಯಿಲ್ಲದೆ ಸಿಡಿದೊಡೆಯುತ್ತದೆ. ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ. ಕಾರಿನಡಿ ತಲೆ ಹಾಕುವುದು ಬೇಡ.

ನಡುವಿನ ನಟ್ಟನ್ನು ಸಾಧ್ಯವಾದರೆ ಚಕ್ರ ನೆಲದಲ್ಲಿರುವಾಗಲೇ ಸಡಿಲಿಸಬೇಕು. ಅದಕ್ಕೆ 100 ನ್ಯೂಟನ್-ಮೀಟರ್ ಟಾರ್ಕ್ ಬೇಕೆನ್ನಿ. ಕಾಲು ಮೀಟರ್ ಹಿಡಿಗೆ 400 ನ್ಯೂಟನ್ ಬಲ ಹಾಕಬೇಕು. ಒಂದು ಮೀಟರ್ ಹಿಡಿಗೆ 100 ನ್ಯೂಟನ್, ಅಂದರೆ ಸುಮಾರು 10 ಕಿಲೋಗ್ರಾಂ ಭಾರದಷ್ಟು ಸಾಕು. ಸನ್ನೆಕೋಲಿನ ತತ್ವವೇ ಇದು. ಎತ್ತಿ ನಿಲ್ಲಿಸಿದ ಕಾರಿನಲ್ಲಿ ಹೀಗೆ ಜಗ್ಗಿದರೆ ಕಾರೇ ಜಾರೀತು.

ಡ್ರಮ್ಮಿನೊಳಗಿನ ಧೂಳನ್ನು ಊದಕೂಡದು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಹೊಸ ಹಬ್ ಕೂರಿಸಿದ ಮೇಲೆ ನಟ್ಟನ್ನು ಕೈಯಂದಾಜಿನಲ್ಲಿ ಬಿಗಿಯುವಂತಿಲ್ಲ. ಆ ಕಾರಿನ ಕೈಪಿಡಿ ಹೇಳುವಷ್ಟೇ ಬಿಗಿಯಬೇಕು, ಟಾರ್ಕ್ ಅಳೆಯುವ ಸ್ಪ್ಯಾನರಿನಿಂದ. ಬಹಳಷ್ಟು ಹಳೆಯ ಕಾರುಗಳಲ್ಲಿ ಆ ನಟ್ಟು ತಿರುಗದಂತೆ ಕಾಯುವುದು ಸ್ಪ್ಲಿಟ್ ಪಿನ್. ಬಗ್ಗಿಸಿ ನೆಟ್ಟಗೆ ಮಾಡಿದ ತಂತಿ ಮತ್ತೆ ಬಗ್ಗಿಸಿದರೆ ಮುರಿಯುವುದನ್ನು ಎಲ್ಲರೂ ಕಂಡಿದ್ದಾರೆ. ಹಳೆಯ ಪಿನ್ನಿನ ಪಾಡೂ ಅದೇ. ಹಬ್ಬಿಗೆ ಅಷ್ಟು ಹಣ ತೆತ್ತವರು ಹೊಸ ಪಿನ್ನಿಗೆ ಜಿಪುಣತನ ಮಾಡಬಾರದು.