ಸ್ಪಂಜು ಕಿತ್ತರೆ ಹೆಡ್‌ಫೋನ್ ದುಬಾರಿ ಮಾಡೆಲ್ ಆಗುತ್ತದೆಯೇ?

ಮಧ್ಯಮ ಬೆಲೆಯ ಹೆಡ್‌ಫೋನ್ ಬಿಚ್ಚಿ ಒಳಗಿನ ಸ್ಪಂಜು ಕಿತ್ತರೆ ದುಬಾರಿ ಮಾಡೆಲ್‌ನ ದನಿಯೇ ಬರುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ಜರ್ಮನಿಯ ಸೆನ್‌ಹೈಸರ್ ಕಂಪನಿಯ ಎಚ್‌ಡಿ 555 ಹೆಡ್‌ಫೋನಿನಲ್ಲಿ ಸ್ಪಂಜಿನ ತುಂಡೊಂದು ಹೊರಕವಚದ ಗಾಳಿಕಿಂಡಿಗಳನ್ನು ಒಳಗಿನಿಂದ ಮುಚ್ಚಿತ್ತು. ಹೆಚ್ಚು ಬೆಲೆಯ ಎಚ್‌ಡಿ 595ರಲ್ಲಿ ಆ ತುಂಡು ಇರಲಿಲ್ಲ. ಕಿತ್ತು ನೋಡಿದ ಹಲವರು ‘ಈಗ ಎರಡೂ ಒಂದೇ’ ಎಂದರು.

ಕಿಂಡಿ ತೆರೆದರೆ ದನಿ ಬದಲಾಗುವುದು ನಿಜ. ಸ್ಪೀಕರಿನ ಪೊರೆ ಕಿವಿಯತ್ತ ಮಾತ್ರವಲ್ಲ, ಹಿಂದಕ್ಕೂ ಗಾಳಿ ತಳ್ಳುತ್ತದೆ. ಆ ಗಾಳಿಯ ದಾರಿ ಬದಲಾದರೆ ದನಿಯೂ ಬದಲಾಗುತ್ತದೆ. ಉತ್ತಮವಾಯಿತೇ ಎಂಬುದು ಬೇರೆ ಪ್ರಶ್ನೆ. ಕೈಯಾರೆ ಬಿಚ್ಚಿ ಜೋಡಿಸಿದವರ ಕಿವಿಗೆ ಅದು ಚೆನ್ನಾಗಿಯೇ ಕೇಳಿಸುತ್ತದೆ, ಬಿಡಿ! ಆದರೆ ಹಿಂಬದಿ ಪೂರ್ತಿ ಮುಚ್ಚಿದ ಹೆಡ್‌ಫೋನ್‌ಗಳಲ್ಲಿ ಸ್ಪಂಜು ಇಡುವುದೇ ಒಳಗಿನ ಮಾರ್ದನಿ ಹೀರಲು. ಅದನ್ನು ಕಿತ್ತರೆ ದನಿ ಕೆಡುವ ಸಾಧ್ಯತೆಯೇ ಹೆಚ್ಚು, ವಾರಂಟಿಯೂ ಸಾಮಾನ್ಯವಾಗಿ ಹೋಗುತ್ತದೆ.

ಕೊಳ್ಳೇಗಾಲದಿಂದ ಹನೂರಿಗೋ ಯಳಂದೂರಿಗೋ ಬಸ್ಸಿನಲ್ಲಿ ಓಡಾಡುವವರಿಗೆ ಆ 595 ಪುಕ್ಕಟೆ ಸಿಕ್ಕರೂ ಉಪಯೋಗವಿಲ್ಲ. ಹಿಂಬದಿ ತೆರೆದ ಹೆಡ್‌ಫೋನ್ ಇಂಜಿನ್ ಗದ್ದಲವನ್ನು ತಡೆಯುವುದಿಲ್ಲ. ನೀವು ವಾಲ್ಯೂಮ್ ಏರಿಸುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ಬರೀ 4 ಗಂಟೆ. ಕಿವಿಗೆ ಬಿಗಿಯಾಗಿ ಕೂರುವ ಸಾಧಾರಣ ಇಯರ್‌ಫೋನೇ ಇಲ್ಲಿ ಮೇಲು.

ಹಳೇ ಹೆಡ್‌ಫೋನಿನ ಬೇಸ್ ಸಪ್ಪೆಯಾಗಿದ್ದರೆ ಮೊದಲು ಕಿವಿಯ ಮೆತ್ತೆ ನೋಡಿ. ಅದು ಹರಿದು ಗಾಳಿ ಸೋರುತ್ತಿದ್ದರೆ ಹೊಸ ಮೆತ್ತೆ ಹಾಕಿಸಿ. ಆಮೇಲೂ ಸಮಾಧಾನವಾಗದಿದ್ದರೆ ಫೋನಿನಲ್ಲೇ ಈಕ್ವಲೈಜರ್ ಇದೆ: ಕೆಟ್ಟರೆ ರೀಸೆಟ್ ಒತ್ತಬಹುದು.