ಬೀಗ ಮುರಿಯದೆ ನಡೆಯುವ ಕಳ್ಳತನ: ಕುಟುಂಬ ವ್ಯಾಪಾರಗಳಿಗೆ ಎಚ್ಚರಿಕೆಯ ಗಂಟೆ

ಭಾರತದಲ್ಲಿ ವ್ಯಾಪಾರದ ಭದ್ರತೆ ಎಂದರೆ ತಿಜೋರಿ, ಶಟರ್, ಕಾವಲುಗಾರ, ಸಿಸಿಟಿವಿ ಕ್ಯಾಮೆರಾ ಎಂಬ ಕಾಲವೊಂದಿತ್ತು. ಇಂದು ಫೋನ್ ಕರೆ ಮತ್ತು ಇ-ಮೇಲ್ ಮೂಲಕವೇ ಕೋಟಿಗಟ್ಟಲೆ ಹಣ ಹೋಗುತ್ತಿದೆ. ತಿಳಿವಳಿಕೆ ಇಲ್ಲದವರು ಮಾತ್ರ ಮೋಸ ಹೋಗುತ್ತಾರೆ ಎಂಬ ಭಾವನೆಯೂ ಸರಿಯಲ್ಲ.

ಲುಧಿಯಾನದ ವರ್ಧಮಾನ್ ಜವಳಿ ಸಮೂಹದ ಮುಖ್ಯಸ್ಥ, ಪದ್ಮಭೂಷಣ ಪುರಸ್ಕೃತ ಎಸ್.ಪಿ. ಓಸ್ವಾಲ್ ಅವರು 2024ರ ಆಗಸ್ಟ್‌ನಲ್ಲಿ 7 ಕೋಟಿ ರೂಪಾಯಿ ಕಳೆದುಕೊಂಡರು. ತನಿಖಾಧಿಕಾರಿಗಳ ಸೋಗು ಹಾಕಿದ ವಂಚಕರು ಅಕ್ರಮ ಹಣ ವರ್ಗಾವಣೆಯ ಆರೋಪ ಹೊರಿಸಿ, ವಿಡಿಯೋ ಕರೆಯಲ್ಲಿ ಸುಪ್ರೀಂ ಕೋರ್ಟ್‌ನ ನಕಲಿ ವಿಚಾರಣೆಯನ್ನೇ ನಡೆಸಿದ್ದರು. ಪೊಲೀಸರು ಸುಮಾರು 5.25 ಕೋಟಿ ರೂಪಾಯಿಯನ್ನು ಮರಳಿ ಪಡೆದರು. ದೂರು ಕೊಟ್ಟವರಿಗೆಲ್ಲ ಇಷ್ಟು ಹಣ ವಾಪಸ್ ಬರುವುದಿಲ್ಲ.

ಇಂತಹ ವಂಚನೆ ಕುಟುಂಬ ವ್ಯಾಪಾರಗಳಿಗೆ ಏಕೆ ಹೆಚ್ಚು ಅಪಾಯಕಾರಿ? ಅಂಗಡಿಯ ಹಿರಿಯರ ಮಾತೇ ಅಲ್ಲಿ ಅಂತಿಮ. ಅವರು ಹೇಳಿದರೆ ಹಣ ಹೋಗುತ್ತದೆ, ಯಾರೂ ಎದುರು ಕೇಳುವುದಿಲ್ಲ. ವ್ಯವಹಾರವನ್ನು ವೇಗವಾಗಿ ನಡೆಸುವ ಈ ವಿಶ್ವಾಸವನ್ನೇ ವಂಚಕರು ಬಳಸಿಕೊಳ್ಳುತ್ತಾರೆ. "ಯಾರಿಗೂ ಹೇಳಬೇಡಿ, ಈಗಲೇ ಕಳುಹಿಸಿ" ಎಂಬುದೇ ಅವರ ಮುಖ್ಯ ಅಸ್ತ್ರ.

ಸರಕು ಪೂರೈಸುವವರ ಹೆಸರಿನಲ್ಲಿ ನಡೆಯುವ ಮೋಸವೂ ಇದೇ ಬಗೆಯದು. ಇ-ಮೇಲ್ ವಿಳಾಸದಲ್ಲಿ ಒಂದು ಅಕ್ಷರ ಮಾತ್ರ ಬೇರೆ ಇರುತ್ತದೆ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂಬ ಸಾಲನ್ನು ನಂಬಿ ಲೆಕ್ಕಿಗರು ಪಾವತಿ ಮಾಡಿಬಿಡುತ್ತಾರೆ. ಹಣ ಕೆಲವೇ ನಿಮಿಷಗಳಲ್ಲಿ ಹಲವು ಬಾಡಿಗೆ ಖಾತೆಗಳಿಗೆ ಹಂಚಿಹೋಗುತ್ತದೆ. ಆ ಹಣದಲ್ಲಿ ಯಾರಾದರೂ ಸರಕು ಕೊಂಡರೆ, ಮಾರಿದ ಅಮಾಯಕ ವ್ಯಾಪಾರಿಯ ಖಾತೆಯೂ ಸ್ಥಗಿತವಾಗಬಹುದು.

ಬ್ಯಾಂಕ್‌ಗಳೂ ಪೂರ್ಣ ಸುರಕ್ಷಿತವಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕ್‌ನಿಂದ ಸುಮಾರು 94 ಕೋಟಿ ರೂಪಾಯಿ ಕಳವಾಯಿತು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ಮೇಲೆ ಸೈಬರ್ ದಾಳಿ ನಡೆದಾಗ ಸುಮಾರು 300 ಸಣ್ಣ ಬ್ಯಾಂಕ್‌ಗಳ ಪಾವತಿ ಸೇವೆಗೆ ಅಡ್ಡಿಯಾಯಿತು. ಆದ್ದರಿಂದ ಎಲ್ಲ ಹಣವನ್ನೂ ಒಂದೇ ಖಾತೆಯಲ್ಲಿ ಇಡುವುದು ಜಾಣತನವಲ್ಲ.

ಪರಿಹಾರಕ್ಕೆ ದೊಡ್ಡ ಖರ್ಚು ಬೇಕಿಲ್ಲ:

* ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಪಾವತಿಗೆ ಇಬ್ಬರ ಒಪ್ಪಿಗೆ ಇರಲಿ. ಈ ನಿಯಮ ಹಿರಿಯರಿಗೂ ಅನ್ವಯಿಸಲಿ.
* ಖಾತೆ ಬದಲಾಗಿದೆ ಎಂಬ ಸಂದೇಶ ಬಂದರೆ, ಹಳೆಯ ಫೋನ್ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ.
* "ಡಿಜಿಟಲ್ ಅರೆಸ್ಟ್" ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಅಂತಹ ಕರೆ ಬಂದರೆ ಕಡಿತಗೊಳಿಸಿ, ಮನೆಯವರಿಗೆ ತಿಳಿಸಿ.
* ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ರಿಸರ್ವ್ ಬ್ಯಾಂಕ್‌ನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರ ನಿರ್ಲಕ್ಷ್ಯದಿಂದ ಹಣ ಹೋದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ. ಮೋಸ ಹೋದ ನಾಚಿಕೆಯಿಂದ ಮರುದಿನದವರೆಗೆ ಸುಮ್ಮನಿದ್ದರೆ ಉಳಿಸಬಹುದಾದ ಹಣವೂ ಉಳಿಯುವುದಿಲ್ಲ. "ಅಪ್ಪಾಜಿ, ಒಮ್ಮೆ ವಿಚಾರಿಸಿ ಕಳುಹಿಸೋಣ" ಎಂದು ಮಕ್ಕಳು ಅಳುಕಿಲ್ಲದೆ ಹೇಳುವ ವಾತಾವರಣ ಅಂಗಡಿಯಲ್ಲಿದ್ದರೆ, ಅದೇ ಗಟ್ಟಿಯಾದ ಬೀಗ.