ನಕ್ಷತ್ರಗಳಿಗೆ ನುಡಿ ಕೊಟ್ಟ ಕವಿ

ಐಸ್‌ಲೆಂಡಿನ ಅಚ್ಚುಮೆಚ್ಚಿನ ಕವಿ ಯೋನಾಸ್ ಹಾಲ್‌ಗ್ರಿಮ್ಸನ್ (1807–1845) ಪ್ರಕೃತಿ ವಿಜ್ಞಾನಿಯೂ ಹೌದು. ಕೋಪನ್‌ಹೇಗನ್‌ನಲ್ಲಿ ಓದಿದ ಈತ 1835ರಲ್ಲಿ ಗೆಳೆಯರೊಡನೆ 'ಫ್ಯೋಲ್ನಿರ್' ಪತ್ರಿಕೆ ಆರಂಭಿಸಿದ. 1842ರಲ್ಲಿ ಡೇನಿಷ್ ಭಾಷೆಯ ಖಗೋಳಶಾಸ್ತ್ರದ ಪುಸ್ತಕವೊಂದನ್ನು ತಾಯ್ನುಡಿಗೆ ತಂದ.

ಅದಕ್ಕೆ ಪದಗಳೆಲ್ಲಿ? ಎರವಲು ತರಲಿಲ್ಲ, ಮನೆಮಾತಿನಿಂದಲೇ ಕಟ್ಟಿದ. ಗುರುತ್ವಾಕರ್ಷಣೆಗೆ ಈತನಿಟ್ಟ ಹೆಸರಿನ ಅರ್ಥ 'ತನ್ನತ್ತ ಎಳೆಯುವ ಬಲ'. ಪೆಂಗ್ವಿನ್ ಈತನ ಬಾಯಲ್ಲಿ 'ಕೊಬ್ಬಿನ ಹೆಬ್ಬಾತು' ಆಯಿತು! ಇಂದಿಗೂ ಅಲ್ಲಿ ಇವೇ ಬಳಕೆಯ ಮಾತು.

ಮೆಟ್ಟಿಲಲ್ಲಿ ಜಾರಿ ಕಾಲು ಮುರಿದು, ರಕ್ತ ನಂಜಾಗಿ ಯೋನಾಸ್ ತೀರಿಕೊಂಡಾಗ ವಯಸ್ಸು ಬರೀ 37. ಆಂಟಿಬಯಾಟಿಕ್ ಇಲ್ಲದ ಕಾಲವದು. 1996ರಿಂದ ಆತನ ಜನ್ಮದಿನವಾದ ನವೆಂಬರ್ 16 ಐಸ್‌ಲೆಂಡಿನಲ್ಲಿ ಭಾಷಾ ದಿನ.

ಹೆಸರು ಕೇಳಿದೊಡನೆ ಅರ್ಥ ಹೊಳೆದರೆ ಅರ್ಧ ಪಾಠ ಮುಗಿದಂತೆ. ನಮ್ಮ ಪಠ್ಯಪುಸ್ತಕಗಳ ಎಷ್ಟು ಪದಗಳಿಗೆ ಆ ಭಾಗ್ಯವಿದೆ?